ಮನೆಗೆ ಯಾವ ಫ್ಯೂಸ್, ಎಷ್ಟು ಆಂಪಿಯರ್? ಕಿಟ್‌ಕ್ಯಾಟ್, ಎಚ್‌ಆರ್‌ಸಿ, ಎಂಸಿಬಿ: ಯಾವುದು ಎಲ್ಲಿಗೆ

ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂದರೆ ಅಕ್ಕಪಕ್ಕದಲ್ಲಿ ಸಿಗುವ ಸಲಹೆ ಒಂದೇ: "ಇನ್ನೊಂದು ಎಳೆ ಸೇರಿಸಿ ಕಟ್ಟಿ, ಸರಿಹೋಗುತ್ತೆ." ಹಾಗೆ ಕಟ್ಟಿದ ಮೇಲೆ ಫ್ಯೂಸ್ ಹೋಗುವುದು ನಿಲ್ಲುತ್ತದೆ, ನಿಜ. ಆದರೆ ಅಲ್ಲಿಂದ ಮುಂದೆ ಗೋಡೆಯೊಳಗಿನ ವೈರ್ ಬಿಸಿಯಾಗಲು ಶುರುವಾಗುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಫ್ಯೂಸ್ ಇರುವುದು ವೈರನ್ನು ಕಾಪಾಡಲು. ಟಿವಿ, ಫ್ರಿಜ್, ಮಿಕ್ಸಿ ಕಾಪಾಡುವುದು ಅದರ ಮುಖ್ಯ ಕೆಲಸ ಅಲ್ಲ. ಇಷ್ಟು ಮನಸ್ಸಿನಲ್ಲಿದ್ದರೆ ಮಿಕ್ಕ ಲೆಕ್ಕ ಸುಲಭ. ಫ್ಯೂಸ್ ಗರಿಷ್ಠ ಎಷ್ಟು ಆಂಪಿಯರಿನದ್ದು ಇರಬಹುದು ಅಂತ ಹೇಳುವುದು ಗೋಡೆಯಲ್ಲಿರುವ ವೈರ್. ಹೊಸದಾಗಿ ತಂದ ಗೀಸರಿಗೆ ಹಳೇ ಫ್ಯೂಸ್ ಸಾಲುತ್ತಿಲ್ಲ ಅಂದರೆ ಬದಲಾಗಬೇಕಾದ್ದು ವೈರ್. ಫ್ಯೂಸ್ ಅದರ ಹಿಂದೆ ಬದಲಾಗುತ್ತದೆ.

ಲೆಕ್ಕ ಹೇಗೆ

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಉಪಕರಣದ ಮೇಲೆ ಬರೆದಿರುವ ವ್ಯಾಟನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ಸಿಗುತ್ತದೆ. 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆ ಸುಮಾರು 4.3 ಆಂಪಿಯರ್. 750 ವ್ಯಾಟ್ ಮಿಕ್ಸಿ 3.3. ಸ್ಟೋರೇಜ್ ಗೀಸರ್ ಮತ್ತು ಇಂಡಕ್ಷನ್ ಒಲೆ ಸಾಮಾನ್ಯವಾಗಿ 2000 ವ್ಯಾಟಿನವು, ಅಂದರೆ ಒಂದೊಂದೂ 8.7. ತಕ್ಷಣ ನೀರು ಕಾಯಿಸುವ 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪಿಯರ್. ಒಂದೂವರೆ ಟನ್ ಎಸಿ ಓಡುವಾಗ 7ರಿಂದ 9. ಫ್ಯಾನ್, ಎಲ್‌ಇಡಿ ಬಲ್ಬ್ ಎಲ್ಲ ಸೇರಿಸಿದರೂ ಒಂದು ರೂಮಿಗೆ ಒಂದು ಆಂಪಿಯರ್ ದಾಟುವುದು ಕಷ್ಟ.

ಇದು ಲೋಡ್ ಕಡೆಯ ಲೆಕ್ಕ. ಇನ್ನೊಂದು ಕಡೆ ವೈರ್ ಎಷ್ಟು ಹೊರಬಲ್ಲದು ಅನ್ನುವುದಿದೆ. ಅಂಗಡಿಯಲ್ಲಿ "ಒಂದೂವರೆ ವೈರ್", "ಎರಡೂವರೆ ವೈರ್" ಅಂತ ಕೇಳುತ್ತೇವಲ್ಲ, ಅದು ತಾಮ್ರದ ದಪ್ಪ, ಸ್ಕ್ವೇರ್ ಎಂಎಂ ಲೆಕ್ಕದಲ್ಲಿ. ಪೈಪಿನೊಳಗೆ ಎಳೆದ ಸಾಧಾರಣ ಪಿವಿಸಿ ತಾಮ್ರದ ವೈರಿಗೆ ಒಂದು ಜಾಗರೂಕ ಅಂದಾಜು ಹೀಗಿದೆ: 1 ಸ್ಕ್ವೇರ್ ಎಂಎಂ ಸುಮಾರು 11 ಆಂಪಿಯರ್, 1.5ಕ್ಕೆ 14, 2.5ಕ್ಕೆ 19, 4ಕ್ಕೆ 26, 6ಕ್ಕೆ 31. ಕಂಪನಿಯಿಂದ ಕಂಪನಿಗೆ ಇದು ಒಂದೆರಡು ಆಂಪಿಯರ್ ಆಚೀಚೆ ಆಗುತ್ತದೆ. ವೈರಿನ ಡಬ್ಬದ ಮೇಲೆ ಅಥವಾ ಕಂಪನಿಯ ಪಟ್ಟಿಯಲ್ಲಿ ಸರಿಯಾದ ಅಂಕಿ ಇರುತ್ತದೆ. ಒಂದೇ ಪೈಪಿನಲ್ಲಿ ಐದಾರು ವೈರ್ ತುರುಕಿದ್ದರೆ ಇನ್ನೂ ಇಳಿಸಬೇಕು. ಹಳೇ ಮನೆಗಳಲ್ಲಿ ಅಲ್ಯೂಮಿನಿಯಂ ವೈರ್ ಇದ್ದರೆ ಅದೇ ದಪ್ಪದ ತಾಮ್ರದ ಮುಕ್ಕಾಲು ಪಾಲು ಅಂತಿಟ್ಟುಕೊಳ್ಳಿ.

ಫ್ಯೂಸಿನ ಅಂಕಿ ಈ ಎರಡರ ನಡುವೆ ಬರಬೇಕು. ಲೋಡಿಗಿಂತ ಜಾಸ್ತಿ, ವೈರಿನ ತಾಕತ್ತಿಗಿಂತ ಕಮ್ಮಿ. ಎಂಸಿಬಿಗೂ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಬಿದ್ದು ಆಫ್ ಆಗುವ ಸ್ವಿಚ್ಚಿಗೂ, ಇದೇ ನಿಯಮ. ನಡುವೆ ಜಾಗವೇ ಇಲ್ಲ ಅಂದರೆ ಆ ವೈರ್ ಆ ಲೋಡಿಗೆ ತಕ್ಕದ್ದಲ್ಲ.

ಕಿಟ್‌ಕ್ಯಾಟ್: ಅಗ್ಗ, ಸರಳ, ಆದರೆ ತಡ

ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ನೋಡದವರು ಕಮ್ಮಿ. ಮೀಟರ್ ಬೋರ್ಡಿನಲ್ಲಿ, ಹಳೇ ಮೇನ್ ಸ್ವಿಚ್ಚಿನ ಕಬ್ಬಿಣದ ಡಬ್ಬದಲ್ಲಿ, ಪಂಪ್‌ಹೌಸಿನಲ್ಲಿ ಇನ್ನೂ ಬೇಕಾದಷ್ಟಿದೆ. ಎರಡು ಸ್ಕ್ರೂ, ನಡುವೆ ಒಂದು ಸಣ್ಣ ತಂತಿ. ಚಲಿಸುವ ಭಾಗ ಯಾವುದೂ ಇಲ್ಲ, ತುಕ್ಕು ಹಿಡಿದು ಸಿಕ್ಕಿಕೊಳ್ಳುವ ಸ್ಪ್ರಿಂಗ್ ಇಲ್ಲ. ಕರೆಂಟ್ ಮಿತಿ ಮೀರಿದರೆ ತಂತಿ ಕರಗಲೇಬೇಕು. ಈ ಒಳ್ಳೇ ಗುಣ ಅದಕ್ಕಿದೆ.

ತೊಂದರೆ ಇರುವುದು ಕರಗುವ ಅಂಕಿಯಲ್ಲಿ. 10 ಆಂಪಿಯರ್ ಅಂತ ಬರೆದ ಫ್ಯೂಸ್ ತಂತಿ 11 ಆಂಪಿಯರಿಗೆ ಹೋಗುವುದಿಲ್ಲ, 15ಕ್ಕೂ ಹೋಗುವುದಿಲ್ಲ. ಸುಮಾರು ಎರಡು ಪಟ್ಟು ಬಂದಾಗ ಮಾತ್ರ ಕರಗುತ್ತದೆ. ಅಂದರೆ 15 ಆಂಪಿಯರಿನ ಕಿಟ್‌ಕ್ಯಾಟ್ 25 ಆಂಪಿಯರನ್ನೂ ಹಾಯಾಗಿ ಬಿಟ್ಟುಕೊಂಡು ಕೂತಿರಬಹುದು. ಅದರ ಹಿಂದೆ 14 ಆಂಪಿಯರ್ ಹೊರುವ ಒಂದೂವರೆ ವೈರ್ ಇದ್ದರೆ? ಫ್ಯೂಸ್ ತಣ್ಣಗಿರುತ್ತದೆ, ವೈರಿನ ಪಿವಿಸಿ ಮೆತ್ತಗಾಗುತ್ತಾ ಬರುತ್ತದೆ. ಸಾಧಾರಣ ಪಿವಿಸಿ ತಾಳುವುದು 70 ಡಿಗ್ರಿ ಸೆಲ್ಸಿಯಸ್ ತನಕ ಮಾತ್ರ.

ಅದಕ್ಕೇ ಕಿಟ್‌ಕ್ಯಾಟಿಗೆ ವೈರಿನ ತಾಕತ್ತನ್ನು ಇನ್ನೊಂದು ಸಲ ಕಡಿತ ಮಾಡುವ ಪದ್ಧತಿ ಇದೆ. ವೈರಿನ ಆಂಪಿಯರನ್ನು 0.725ರಿಂದ ಗುಣಿಸಬೇಕು. ಮೇಲಿನ ಅಂಕಿಗಳಿಗೆ ಹಾಕಿ ನೋಡಿದರೆ ಹೀಗೆ ಬರುತ್ತದೆ:

1 ಸ್ಕ್ವೇರ್ ಎಂಎಂ: ಕಿಟ್‌ಕ್ಯಾಟ್ ಆದರೆ 5 ಆಂಪಿಯರ್, ಎಂಸಿಬಿ ಆದರೆ 6
1.5 ಸ್ಕ್ವೇರ್ ಎಂಎಂ: ಕಿಟ್‌ಕ್ಯಾಟ್ 10, ಎಂಸಿಬಿ 10
2.5 ಸ್ಕ್ವೇರ್ ಎಂಎಂ: ಕಿಟ್‌ಕ್ಯಾಟ್ 10, ಎಂಸಿಬಿ 16
4 ಸ್ಕ್ವೇರ್ ಎಂಎಂ: ಕಿಟ್‌ಕ್ಯಾಟ್ 15, ಎಂಸಿಬಿ 20 ಅಥವಾ 25
6 ಸ್ಕ್ವೇರ್ ಎಂಎಂ: ಕಿಟ್‌ಕ್ಯಾಟ್ 20, ಎಂಸಿಬಿ 25, ವೈರ್ ಕಂಪನಿಯ ಪಟ್ಟಿ ಒಪ್ಪಿದರೆ 32

ಎರಡೂವರೆ ವೈರಿನ ಸಾಲನ್ನು ಇನ್ನೊಮ್ಮೆ ನೋಡಿ. 13 ಆಂಪಿಯರ್ ಎಳೆಯುವ ಇನ್‌ಸ್ಟಂಟ್ ಗೀಸರನ್ನು ಅದೇ ವೈರಿನಲ್ಲಿ 16ರ ಎಂಸಿಬಿ ಹಾಕಿ ನೆಮ್ಮದಿಯಾಗಿ ಓಡಿಸಬಹುದು. ಕಿಟ್‌ಕ್ಯಾಟ್ ಇಟ್ಟುಕೊಂಡೇ ಓಡಿಸಬೇಕು ಅಂದರೆ ನಾಲ್ಕರ ವೈರ್ ಎಳೆಯಬೇಕು. ವೈರಿನ ದುಡ್ಡಿಗೆ ಹೋಲಿಸಿದರೆ ಎಂಸಿಬಿಗೆ ಬದಲಾಯಿಸುವುದೇ ಅಗ್ಗ. ಕಿಟ್‌ಕ್ಯಾಟ್ ಕಡಿಮೆ ಖರ್ಚಿನದ್ದು ಅನ್ನುವ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ತಂತಿಯ ದಪ್ಪದ ಮಾತೂ ಹೇಳಿಬಿಡುತ್ತೇನೆ, ಯಾಕೆಂದರೆ ಅತಿ ಹೆಚ್ಚು ಅಪಾಯ ಇರುವುದೇ ಇಲ್ಲಿ. ತವರ ಲೇಪಿಸಿದ ತಾಮ್ರದ ಫ್ಯೂಸ್ ತಂತಿ 5 ಆಂಪಿಯರಿಗೆ 0.2 ಮಿಲಿಮೀಟರ್, 10ಕ್ಕೆ 0.35, 15ಕ್ಕೆ 0.5, 20ಕ್ಕೆ 0.6. ಫ್ಯೂಸ್ ವೈರ್ ಅಂತಲೇ ಸುರುಳಿ ಸಿಗುತ್ತದೆ, ಅದರ ಮೇಲೆ ಆಂಪಿಯರ್ ಬರೆದಿರುತ್ತದೆ. ಅದು ಸಿಗದಿದ್ದಾಗ ನಮ್ಮಲ್ಲಿ ಮಾಡುವುದು ಎಳೆ ಕೀಳುವ ಕೆಲಸ. ಟೇಬಲ್ ಫ್ಯಾನಿಗೆ ಬರುವಂಥ ತೆಳು ಫ್ಲೆಕ್ಸಿಬಲ್ ವೈರಿನ ಒಂದು ಎಳೆ 0.2 ಮಿಲಿಮೀಟರ್ ಇರುತ್ತದೆ, ಅಂದರೆ ಹೆಚ್ಚುಕಡಿಮೆ 5 ಆಂಪಿಯರ್. ಆದರೆ ಈಗಿನ ಎರಡೂವರೆ ವೈರಿನ ಎಳೆ 0.3 ಮಿಲಿಮೀಟರ್. ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಕರಗುವ ಕರೆಂಟ್ ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟು. ಹಳಬರು 7/20 ಅಂತ ಕರೆಯುವ ದಪ್ಪ ವೈರಿನ ಒಂದು ಎಳೆ ಕಟ್ಟಿದರಂತೂ ಮುಗಿಯಿತು. ಅದರ ದಪ್ಪ 0.9 ಮಿಲಿಮೀಟರ್ ಮೇಲೆ, ಅದು ಕರಗಲು ಸುಮಾರು 70 ಆಂಪಿಯರ್ ಬೇಕು. ಅಲ್ಲಿ ಫ್ಯೂಸ್ ಇದೆ ಅಂತ ಅಂದುಕೊಳ್ಳುವುದೇ ತಪ್ಪು. "ಎಷ್ಟು ಎಳೆ ಕಟ್ಟಿದೆ?" ಅಂತ ಕೇಳುವ ಮೊದಲು "ಯಾವ ವೈರಿನ ಎಳೆ?" ಅಂತ ಕೇಳಬೇಕು.

ಕಟ್ಟುವ ರೀತಿಯಲ್ಲೂ ಕೆಲಸ ಇದೆ. ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕ್ಯಾರಿಯರ್ ಹೊರಗೆ ಎಳೆಯಿರಿ. ಹಳೇ ತಂತಿಯ ಚೂರು, ಮಸಿ ಎಲ್ಲ ಒರೆಸಿ. ಹೊಸ ತಂತಿಯನ್ನು ಸ್ಕ್ರೂ ಬಿಗಿಯುವ ದಿಕ್ಕಿಗೇ, ಅಂದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೆ, ಒಂದು ಸುತ್ತು ಸುತ್ತಬೇಕು. ಆಗ ಸ್ಕ್ರೂ ತಿರುಗಿದಂತೆ ತಂತಿ ಒಳಗೆ ಹೋಗುತ್ತದೆ. ಉಲ್ಟಾ ಸುತ್ತಿದರೆ ಹೊರಗೆ ಜಾರುತ್ತದೆ. ಪಿಂಗಾಣಿಯ ಮಧ್ಯದ ತೋಡಿನೊಳಗೆ ತಂತಿಯನ್ನು ಸ್ವಲ್ಪ ಸಡಿಲವಾಗಿ ಹಾಯಿಸಿ. ಬಿಗಿಯಾಗಿ ಎಳೆದು ಕಟ್ಟಿದರೆ, ಇಲ್ಲವೇ ಸ್ಕ್ರೂಡ್ರೈವರ್ ತಾಗಿ ಒಂದು ಕಡೆ ಗೀರು ಬಿದ್ದರೆ, ಅಲ್ಲಿ ತಂತಿ ತೆಳುವಾಗಿ ಸುಮ್ಮಸುಮ್ಮನೆ ಹೋಗುತ್ತದೆ. ಆಗ ಜನ ಲೋಡ್ ಜಾಸ್ತಿಯಾಯಿತು ಅಂದುಕೊಂಡು ಎಳೆ ಸೇರಿಸುತ್ತಾರೆ.

ಹೋದ ಫ್ಯೂಸ್ ತೆಗೆದಾಗ ಅದನ್ನು ಒಂದು ನಿಮಿಷ ನೋಡಿ. ಪಿಂಗಾಣಿ ಬೆಳ್ಳಗೇ ಇದ್ದು, ತಂತಿ ನಡುವೆ ಮಾತ್ರ ತುಂಡಾಗಿ, ತುದಿಯಲ್ಲಿ ಸಣ್ಣ ಮಣಿಯಂತೆ ಗುಂಡಗಾಗಿದ್ದರೆ ಅದು ಓವರ್‌ಲೋಡ್. ನಿಧಾನವಾಗಿ ಬಿಸಿಯಾಗಿ ಕರಗಿದೆ. ಪಿಂಗಾಣಿ ಪೂರ್ತಿ ಕಪ್ಪಾಗಿ, ತಾಮ್ರದ ಹನಿಗಳು ಸಿಡಿದು ಅಂಟಿದ್ದು, ತಂತಿಯೇ ಇಲ್ಲವಾಗಿದ್ದರೆ ಎಲ್ಲೋ ಶಾರ್ಟ್ ಆಗಿದೆ. ಎರಡನೆಯದು ಕಂಡಾಗ ಮತ್ತೆ ತಂತಿ ಕಟ್ಟಿ ಆನ್ ಮಾಡಿ ನೋಡುವ ಪ್ರಯೋಗ ಬೇಡ. ಮೊದಲು ಶಾರ್ಟ್ ಎಲ್ಲಿ ಅಂತ ಹುಡುಕಿಸಿ.

ಎಚ್‌ಆರ್‌ಸಿ: ದೊಡ್ಡ ಶಾರ್ಟಿಗೆ ಗಟ್ಟಿಗ

ಎಚ್‌ಆರ್‌ಸಿ ಅಂದರೆ ಮುಚ್ಚಿದ ಪಿಂಗಾಣಿ ಕೊಳವೆಯ ಫ್ಯೂಸ್. ಒಳಗೆ ಬೆಳ್ಳಿಯ ಅಥವಾ ತಾಮ್ರದ ಪಟ್ಟಿ, ಸುತ್ತ ಒಣಗಿದ ಸ್ಫಟಿಕ ಮರಳು. ಪಟ್ಟಿ ಕರಗಿದಾಗ ಹುಟ್ಟುವ ಕಿಡಿಯನ್ನು ಮರಳು ನುಂಗಿ, ಕರಗಿ, ಗಾಜಿನಂತೆ ಗಟ್ಟಿಯಾಗುತ್ತದೆ. ಹಾಗಾಗಿ ಹತ್ತಾರು ಸಾವಿರ ಆಂಪಿಯರಿನ ಶಾರ್ಟ್ ಬಂದರೂ ಅದು ಸಿಡಿಯದೆ ಕತ್ತರಿಸುತ್ತದೆ. 80 ಕೆಎ (80 ಸಾವಿರ ಆಂಪಿಯರ್) ಅಂತ ಬರೆದಿರುವುದು ಇದನ್ನೇ. ಕಿಟ್‌ಕ್ಯಾಟಿಗೆ ಈ ತಾಕತ್ತು ಕೆಲವೇ ಸಾವಿರ ಆಂಪಿಯರ್.

ಮನೆಗೆ ಇದು ಬೇಕಾ? ಅದು ನಿಮ್ಮ ಮನೆ ಟ್ರಾನ್ಸ್‌ಫಾರ್ಮರಿಗೆ ಎಷ್ಟು ಹತ್ತಿರ ಅನ್ನುವುದರ ಮೇಲೆ ನಿಂತಿದೆ. ಹಳ್ಳಿಯಲ್ಲಿ ಟಿಸಿ ಅಂತ ಕರೆಯುವ 25 ಕೆವಿಎ ಟ್ರಾನ್ಸ್‌ಫಾರ್ಮರಿನ ಬುಡದಲ್ಲೇ ಶಾರ್ಟ್ ಆದರೂ ಹರಿಯುವುದು ಸುಮಾರು 800 ಆಂಪಿಯರ್. ಪಟ್ಟಣದ 250 ಕೆವಿಎ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಅದು ಸುಮಾರು 7500. ವೈರಿನ ಉದ್ದ ಹೆಚ್ಚಿದಂತೆ ಇದು ಬೇಗ ಇಳಿಯುತ್ತದೆ ನಿಜ. ಆದರೂ ಟ್ರಾನ್ಸ್‌ಫಾರ್ಮರ್ ಕಾಂಪೌಂಡಿಗೆ ಒರಗಿಕೊಂಡಿರುವ ಅಪಾರ್ಟ್‌ಮೆಂಟಿನ ಮೇನ್‌ನಲ್ಲಿ ಎಚ್‌ಆರ್‌ಸಿ ಇರಲೇಬೇಕಾದ ವಸ್ತು. ರೂಮು ರೂಮಿಗೆ ಅದು ಬೇಕಿಲ್ಲ.

ಓವರ್‌ಲೋಡಿಗೂ ಇದು ಕಿಟ್‌ಕ್ಯಾಟಿಗಿಂತ ಚುರುಕು. ಸಾಮಾನ್ಯ ಬಳಕೆಯ ಜಿಜಿ ಗುರುತಿನ ಎಚ್‌ಆರ್‌ಸಿ, 16 ಆಂಪಿಯರ್ ಮೇಲಿನದ್ದಾದರೆ, ತನ್ನ ಅಂಕಿಯ 1.6 ಪಟ್ಟಿಗೆ ಒಂದು ಗಂಟೆಯೊಳಗೆ (63 ಆಂಪಿಯರ್ ತನಕ) ಹೋಗಲೇಬೇಕು. ಒಂದರ ಹಿಂದೆ ಒಂದು ಎಚ್‌ಆರ್‌ಸಿ ಇದ್ದಾಗ ಮೇಲಿನದು ಕೆಳಗಿನದರ 1.6 ಪಟ್ಟಾದರೂ ಇದ್ದರೆ ಕೆಳಗಿನದು ಮಾತ್ರ ಹೋಗುತ್ತದೆ, ಇಡೀ ಕಟ್ಟಡ ಕತ್ತಲಾಗುವುದಿಲ್ಲ.

ಕೆಟ್ಟ ಸಂಗತಿ ಅಂದರೆ ಹೋದ ಎಚ್‌ಆರ್‌ಸಿಯನ್ನು ಬಿಸಾಕಿ ಹೊಸದು ಹಾಕಬೇಕು. ಮನೆಯಲ್ಲಿ ಒಂದು ಬಿಡಿ ಇಟ್ಟುಕೊಂಡಿರದಿದ್ದರೆ ರಾತ್ರಿ ಹೊತ್ತು ಅದರ ಎರಡು ತುದಿಗೆ ತಂತಿ ಸುತ್ತುವ ಆಸೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಸೈಜಿಗೆ ಒಂದರಂತೆ ಬಿಡಿ ಫ್ಯೂಸ್ ಬೋರ್ಡಿನ ಪಕ್ಕದಲ್ಲೇ ಇಡಿ.

ಎಂಸಿಬಿ: ಮನೆಗೆ ನನ್ನ ಆಯ್ಕೆ

ಮನೆಯ ಒಳಗಿನ ಸರ್ಕಿಟ್‌ಗಳಿಗೆ ಯಾವುದು ಹಾಕಲಿ ಅಂತ ಕೇಳಿದರೆ ಯೋಚಿಸದೆ ಎಂಸಿಬಿ ಅನ್ನುತ್ತೇನೆ. ಅದರಲ್ಲಿ ಎರಡು ಕಾವಲಿದೆ. ಬಿಸಿಗೆ ಬಾಗುವ ಲೋಹದ ಪಟ್ಟಿ ಓವರ್‌ಲೋಡ್ ನೋಡಿಕೊಳ್ಳುತ್ತದೆ. ಒಂದು ಸುರುಳಿ ಅಯಸ್ಕಾಂತವಾಗಿ ಶಾರ್ಟನ್ನು ಕ್ಷಣದಲ್ಲಿ ಕತ್ತರಿಸುತ್ತದೆ. ಬರೆದ ಅಂಕಿಯ 1.13 ಪಟ್ಟು ಕರೆಂಟಿಗೆ ಒಂದು ಗಂಟೆ ಬೀಳಬಾರದು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು. 16ರ ಎಂಸಿಬಿಗೆ ಅಂದರೆ 18 ಆಂಪಿಯರಿಗೆ ನಿಲ್ಲುತ್ತದೆ, 23ಕ್ಕೆ ಬೀಳುತ್ತದೆ. ಕಿಟ್‌ಕ್ಯಾಟಿನ ಎರಡು ಪಟ್ಟಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಇನ್ನೊಂದು ದೊಡ್ಡ ಲಾಭ, ಯಾರೂ ಅದರಲ್ಲಿ ಎಳೆ ಸೇರಿಸಲಾರರು. ಲಿವರನ್ನು ಕೈಯಲ್ಲಿ ಒತ್ತಿ ಹಿಡಿದರೂ ಒಳಗೆ ಅದು ಬಿದ್ದೇ ಬೀಳುತ್ತದೆ.

ಕೊಳ್ಳುವಾಗ ಮುಖದ ಮೇಲೆ ಬಿ16, ಸಿ16 ಅಂತ ಕಾಣುತ್ತದೆ. ಅಕ್ಷರ ಹೇಳುವುದು ಎಷ್ಟು ಪಟ್ಟಿಗೆ ತಕ್ಷಣ ಬೀಳುತ್ತದೆ ಅಂತ. ಬಿ ಆದರೆ 3ರಿಂದ 5 ಪಟ್ಟು, ಸಿ ಆದರೆ 5ರಿಂದ 10, ಡಿ ಆದರೆ 10ರಿಂದ 20. ಮೋಟರ್ ಇರುವ ಎಸಿ, ನೀರಿನ ಪಂಪು ಶುರುವಾಗುವಾಗ ಒಂದು ಕ್ಷಣ ಐದಾರು ಪಟ್ಟು ಎಳೆಯುತ್ತವೆ. ಅವಕ್ಕೆ ಸಿ ಬೇಕು. ಗೀಸರ್, ಲೈಟು, ಇಸ್ತ್ರಿ ಪ್ಲಗ್ಗಿಗೆ ಬಿ ಸಾಕು. ಅಂಗಡಿಯಲ್ಲಿ ಕೇಳದೆ ಹೋದರೆ ಎಲ್ಲಕ್ಕೂ ಸಿ ಕೊಟ್ಟು ಕಳಿಸುತ್ತಾರೆ. ಪಟ್ಟಣದಲ್ಲಿ ಅದರಿಂದ ದೊಡ್ಡ ನಷ್ಟವಿಲ್ಲ. ಆದರೆ ಲೈನಿನ ತುತ್ತತುದಿಯ ತೋಟದ ಮನೆಯಲ್ಲಿ ವ್ಯತ್ಯಾಸ ಆಗುತ್ತದೆ. ಸಿ16 ಖಚಿತವಾಗಿ ಥಟ್ಟನೆ ಬೀಳಲು 160 ಆಂಪಿಯರ್ ಬೇಕು. ಉದ್ದದ ತೆಳು ಲೈನಿನಲ್ಲಿ ಶಾರ್ಟ್ ಆದರೂ ಅಷ್ಟು ಕರೆಂಟ್ ಹರಿದು ಬರದೆ ಇರಬಹುದು. ಬಿ16ಕ್ಕೆ 80 ಸಾಕು. ಸಂಜೆಯಾದರೆ ಬಲ್ಬ್ ಮಂಕಾಗುವಂಥ ಕಡೆ ಲೈಟು, ಪ್ಲಗ್ಗುಗಳಿಗೆ ಬಿ ಕೇಳಿ ತನ್ನಿ.

ಚೌಕದೊಳಗೆ 6000 ಅಥವಾ 10000 ಅಂತ ಇನ್ನೊಂದು ಅಂಕಿ ಇರುತ್ತದೆ. ಅದು ಕತ್ತರಿಸಬಲ್ಲ ಶಾರ್ಟಿನ ಮಿತಿ. 10000 ತಗೊಂಡರೆ ಯೋಚನೆಯಿಲ್ಲ. ಐಎಸ್‌ಐ ಗುರುತು ಇಲ್ಲದ್ದನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಒಳ್ಳೇ ಸಿಂಗಲ್ ಪೋಲ್ ಎಂಸಿಬಿಯೇ ಕೆಲವು ನೂರು ರೂಪಾಯಿಯಲ್ಲಿ ಸಿಗುತ್ತದೆ.

ಐಸೊಲೇಟರ್ ಅಂತ ಒಂದಿದೆ, ನೋಡಲು ಎಂಸಿಬಿಯಂತೆಯೇ. ಅದು ಬರೀ ಸ್ವಿಚ್. ತಾನಾಗಿ ಬೀಳುವುದಿಲ್ಲ. ಎಂಸಿಬಿಗಳನ್ನು ಜೋಡಿಸುವ ಡಿಬಿ ಬಾಕ್ಸಿನ ಮೇನ್‌ನಲ್ಲಿ ಅದನ್ನು ಹಾಕಿ "40 ಆಂಪಿಯರ್ ಮೇನ್ ಇದೆ" ಅಂದುಕೊಂಡವರು ತುಂಬ ಜನ. ಮುಖದ ಮೇಲೆ ಬಿ ಅಥವಾ ಸಿ ಅಕ್ಷರ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ.

ಎಂಸಿಬಿಯೊಳಗಿನ ಬಾಗುವ ಲೋಹದ ಪಟ್ಟಿಯನ್ನು ಹೊಂದಿಸಿರುವುದು 30 ಡಿಗ್ರಿ ಶಾಖಕ್ಕೆ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ, ಬಿಸಿಲು ಹೊಡೆಯುವ ಗೋಡೆಯ ಬಾಕ್ಸಿನೊಳಗೆ, ಅದು ಸ್ವಲ್ಪ ಬೇಗ ಬೀಳುತ್ತದೆ. ಇದಕ್ಕೆ ಪರಿಹಾರ ದೊಡ್ಡ ಎಂಸಿಬಿ ಅಲ್ಲ. ಬಾಕ್ಸನ್ನು ನೆರಳಿಗೆ ತನ್ನಿ, ಜಾಸ್ತಿ ಲೋಡಿನ ಎರಡು ಎಂಸಿಬಿ ಪಕ್ಕಪಕ್ಕ ಬರದಂತೆ ಜೋಡಿಸಿ. ಸಡಿಲ ಸ್ಕ್ರೂ ಕೂಡ ಬಿಸಿಯಾಗಿ ಇದೇ ಕೆಲಸ ಮಾಡುತ್ತದೆ. ವರ್ಷಕ್ಕೊಮ್ಮೆ ಸ್ಕ್ರೂ ಬಿಗಿ ಮಾಡಿಸುವುದು ಒಳ್ಳೆಯದು.

ಬೀಳುವ ರೀತಿಯಲ್ಲೇ ಕಾರಣ ಗೊತ್ತಾಗುತ್ತದೆ. ಎತ್ತಿದ ತಕ್ಷಣ ಬಿದ್ದರೆ ಶಾರ್ಟ್. ಹತ್ತು ಇಪ್ಪತ್ತು ನಿಮಿಷ ನಿಂತು ಬಿದ್ದರೆ ಓವರ್‌ಲೋಡ್ ಅಥವಾ ಸಡಿಲ ಸ್ಕ್ರೂ.

ಫ್ಯೂಸ್ ಹೋಗದೆಯೂ ಶಾಕ್ ಹೊಡೆಯುತ್ತದೆ

ಫ್ಯೂಸ್ ಸರಿಯಾಗಿದ್ದರೆ ಶಾಕ್ ಹೊಡೆಯುವುದಿಲ್ಲ ಅನ್ನುವ ನಂಬಿಕೆ ಇದೆ. ಅದು ಜೀವಕ್ಕೆ ಅಪಾಯದ ನಂಬಿಕೆ. 30 ಮಿಲಿ ಆಂಪಿಯರಿಗಿಂತ ಹೆಚ್ಚಿನ ಕರೆಂಟ್ ಮೈಯಲ್ಲಿ ಹರಿದರೆ ಸಾವೂ ಬರಬಹುದು. ಅದು ಒಂದು ಆಂಪಿಯರಿನ ನೂರರಲ್ಲಿ ಮೂರು ಭಾಗ. 5 ಆಂಪಿಯರಿನ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ.

ಅರ್ಥಿಂಗ್ ಇದ್ದರೆ? ಗೀಸರಿನ ಒಳಗೆ ಫೇಸ್ ವೈರ್ ಲೋಹದ ಮೈಗೆ ತಾಗಿತು ಅಂತಿಟ್ಟುಕೊಳ್ಳಿ. ಮನೆಯ ಅರ್ಥ್ ಪಿಟ್ಟಿನಿಂದ ಟ್ರಾನ್ಸ್‌ಫಾರ್ಮರ್ ತನಕದ ಮಣ್ಣಿನ ದಾರಿಗೆ ಒಟ್ಟು 5 ಓಮ್ ತಡೆ ಇದ್ದರೆ 230 ಭಾಗಿಸು 5, ಅಂದರೆ 46 ಆಂಪಿಯರ್ ಹರಿಯುತ್ತದೆ. 16ರ ಎಂಸಿಬಿ ಅದಕ್ಕೆ ಬೀಳುತ್ತದೆ, ಆದರೆ ಕೆಲವು ಸೆಕೆಂಡು ಹಿಡಿಯಬಹುದು. ಬೇಸಿಗೆಯಲ್ಲಿ ಪಿಟ್ ಒಣಗಿ ತಡೆ 20 ಓಮ್ ಆಯಿತು ಅನ್ನಿ. ಆಗ ಹರಿಯುವುದು 11.5 ಆಂಪಿಯರ್. 16ರ ಎಂಸಿಬಿ ಬೀಳುವುದಿಲ್ಲ, 15ರ ಕಿಟ್‌ಕ್ಯಾಟ್ ಹೋಗುವುದಿಲ್ಲ. ಗೀಸರಿನ ಮೈ, ನಲ್ಲಿ ಎಲ್ಲ ಹತ್ತಿರ ಹತ್ತಿರ ಪೂರ್ತಿ ವೋಲ್ಟೇಜ್ ಹೊತ್ತು ನಿಂತಿರುತ್ತವೆ. ಬೇಸಿಗೆಯಲ್ಲಿ ಅರ್ಥ್ ಪಿಟ್ಟಿಗೆ ನೀರು ಹಾಕಿ ಅಂತ ಹಿರಿಯರು ಹೇಳುವುದು ಸುಮ್ನೆ ಅಲ್ಲ.

ಇದಕ್ಕೆ ಬೇಕಾದ್ದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲಿನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. ಕಮ್ಮಿ ಬಂದರೆ ಬೀಳುತ್ತದೆ. ಆದರೆ ಬರೀ ಆರ್‌ಸಿಸಿಬಿ ಓವರ್‌ಲೋಡ್ ನೋಡುವುದಿಲ್ಲ. ಅದರ ಜೊತೆ ಎಂಸಿಬಿ ಇರಲೇಬೇಕು. ಎರಡೂ ಒಂದರಲ್ಲೇ ಇರುವ ಆರ್‌ಸಿಬಿಒ ಕೂಡ ಸಿಗುತ್ತದೆ. ಇಡೀ ಮನೆಗೆ ಹಾಕಲು ಈಗ ಕೈಯಲ್ಲಿ ದುಡ್ಡಿಲ್ಲ ಅಂದರೆ ಬಚ್ಚಲುಮನೆಯ ಗೀಸರಿನ ಸರ್ಕಿಟ್ಟಿಗಾದರೂ ಮೊದಲು ಹಾಕಿಸಿ. ನಾನು ಮನೆಯಲ್ಲಿ ಒಂದೇ ಒಂದು ವಸ್ತು ಬದಲಾಯಿಸಿ ಅಂತ ಹೇಳಬೇಕಾಗಿ ಬಂದರೆ ಅದು ಇದೇ.

ತೋಟದ ಪಂಪ್‌ಸೆಟ್

ಇಲ್ಲಿ ಆಯ್ಕೆಯ ಲೆಕ್ಕ ಬೇರೆ. 5 ಎಚ್‌ಪಿ ತ್ರೀ ಫೇಸ್ ಮೋಟರ್ ಓಡುವಾಗ ಫೇಸಿಗೆ ಸುಮಾರು 7.5 ಆಂಪಿಯರ್ ಎಳೆಯುತ್ತದೆ. ಶುರುವಾಗುವಾಗ ಆರು ಪಟ್ಟು, ಅಂದರೆ 45 ಆಂಪಿಯರ್, ಕೆಲವು ಸೆಕೆಂಡು. 10ರ ಫ್ಯೂಸ್ ಹಾಕಿದರೆ ಸ್ಟಾರ್ಟ್ ಮಾಡಿದಾಗೆಲ್ಲ ಹೋಗುತ್ತದೆ. ಸಾಮಾನ್ಯವಾಗಿ 16 ಅಥವಾ 20ರ ಎಚ್‌ಆರ್‌ಸಿ ಬರುತ್ತದೆ. ಸ್ಟಾರ್ಟರ್ ಜೊತೆ ಬರುವ ಪಟ್ಟಿಯಲ್ಲಿ ಎಷ್ಟು ಎಚ್‌ಪಿಗೆ ಎಷ್ಟು ಫ್ಯೂಸ್ ಅಂತ ಕೊಟ್ಟಿರುತ್ತಾರೆ, ಅದೇ ಕೊನೇ ಮಾತು. ಹಾಗಾದರೆ 12 ಆಂಪಿಯರ್ ಎಳೆದು ಮೋಟರ್ ಸುಡುತ್ತಿದ್ದರೆ ತಡೆಯುವವರು ಯಾರು? ಸ್ಟಾರ್ಟರಿನ ಓವರ್‌ಲೋಡ್ ರಿಲೇ. ಅದರ ಮುಳ್ಳನ್ನು ಮೋಟರಿನ ತಗಡಿನ ಮೇಲೆ ಬರೆದ ಆಂಪಿಯರಿಗೆ ಸರಿಯಾಗಿ ಇಡಬೇಕು. ಪಂಪ್‌ಸೆಟ್ಟಿನಲ್ಲಿ ಫ್ಯೂಸ್ ಶಾರ್ಟಿಗೆ, ರಿಲೇ ಓವರ್‌ಲೋಡಿಗೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಮೂರು ಫ್ಯೂಸಿನಲ್ಲಿ ಒಂದು ಮಾತ್ರ ಹೋದಾಗ ಮೋಟರಿಗೆ ಅತಿ ದೊಡ್ಡ ಕಂಟಕ. ಎರಡೇ ಫೇಸಿನಲ್ಲಿ ಅದು ಗುಂಯ್‌ಗುಡುತ್ತಾ ಓಡುತ್ತದೆ, ಉಳಿದ ಎರಡರಲ್ಲಿ ಕರೆಂಟ್ ಒಂದೂಮುಕ್ಕಾಲು ಪಟ್ಟಾಗುತ್ತದೆ, ವೈಂಡಿಂಗ್ ಸುಡುತ್ತದೆ. ಬೋರ್‌ವೆಲ್ಲಿನಿಂದ ಮೋಟರ್ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಖರ್ಚು ರೈತರಿಗೆ ಚೆನ್ನಾಗಿ ಗೊತ್ತು. ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಿದ್ದರೆ ಒಂದು ಫೇಸ್ ಹೋದ ಕೂಡಲೇ ಮೋಟರ್ ನಿಲ್ಲುತ್ತದೆ. ಒಂದು ಎಚ್‌ಆರ್‌ಸಿ ಹೋದರೆ ಮೂರನ್ನೂ ಬದಲಾಯಿಸುವುದು ವಾಸಿ. ಮಿಕ್ಕ ಎರಡೂ ಅದೇ ಪೆಟ್ಟು ತಿಂದಿರುತ್ತವೆ.

ಟಿಸಿಯ ಫ್ಯೂಸ್ ಹೋದರೆ ಮಾತ್ರ ನೀವು ಕೈಹಾಕಬೇಡಿ. ಬೆಳೆ ಒಣಗುತ್ತಿದೆ, ಲೈನ್‌ಮ್ಯಾನ್ ಬರುವುದು ತಡ ಅನ್ನುವ ಸಂಕಟ ಅರ್ಥವಾಗುತ್ತದೆ. ಆದರೆ ಅದರ ಮೇಲ್ಭಾಗದಲ್ಲಿ ಸಾಮಾನ್ಯವಾಗಿ 11,000 ವೋಲ್ಟ್ ಇರುತ್ತದೆ. 1912ಕ್ಕೆ ಫೋನ್ ಮಾಡಿ ದೂರು ಬರೆಸಿ.

ಚಿಕ್ಕ ಫ್ಯೂಸುಗಳು

ಸ್ಟೆಬಿಲೈಸರ್, ಇನ್ವರ್ಟರ್, ಆಂಪ್ಲಿಫೈಯರ್ ಹಿಂದೆ ಇರುವ ಗಾಜಿನ ಫ್ಯೂಸಿನ ಲೋಹದ ತುದಿಯಲ್ಲಿ ಎಫ್ ಅಥವಾ ಟಿ ಅಂತ ಅಕ್ಷರ ಇರುತ್ತದೆ. ಎಫ್ ಅಂದರೆ ಬೇಗ ಹೋಗುವುದು, ಟಿ ಅಂದರೆ ಆನ್ ಮಾಡಿದಾಗಿನ ಎಳೆತ ತಾಳಿಕೊಂಡು ನಿಧಾನವಾಗಿ ಹೋಗುವುದು. ಅಂಕಿ, ಅಕ್ಷರ ಎರಡೂ ಅದೇ ಇರುವುದನ್ನು ತನ್ನಿ. ಒಳಗೆ ಬಿಳಿ ಪಿಂಗಾಣಿಯದ್ದು ಇದ್ದರೆ ಅದರ ಬದಲು ಗಾಜಿನದು ಹಾಕಬೇಡಿ, ಪಿಂಗಾಣಿಯದ್ದು ದೊಡ್ಡ ಶಾರ್ಟ್ ತಡೆಯುತ್ತದೆ. ಹೋದ ಫ್ಯೂಸಿಗೆ ಬೆಳ್ಳಿ ಬಣ್ಣದ ಫಾಯಿಲ್ ಹಾಳೆ ಸುತ್ತುವುದಂತೂ ಬೇಡವೇ ಬೇಡ.

ಕಾರಿನ ಚಪ್ಪಟೆ ಫ್ಯೂಸಿನ ಬಣ್ಣವೇ ಅಂಕಿ. ಕೆಂಪು 10, ನೀಲಿ 15, ಹಳದಿ 20, ಹಸಿರು 30. ಕೆಂಪು ಹೋದ ಜಾಗಕ್ಕೆ ಕೆಂಪೇ ಹಾಕಿ.

ಸೋಲಾರ್ ಪ್ಯಾನೆಲ್ಲಿನ ಕಡೆ ಮನೆಯ ಮಾಮೂಲಿ ಎಂಸಿಬಿ ಹಾಕಬಾರದು. ಪ್ಯಾನೆಲ್ಲಿನಿಂದ ಬರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಡಿಸಿ ಕರೆಂಟಿನ ಕಿಡಿ ತಾನಾಗಿ ಆರುವುದಿಲ್ಲ. ಅಲ್ಲಿಗೆ ಡಿಸಿ ಅಂತ ಬರೆದದ್ದೇ ಬೇಕು.

ದುಬೈ, ಕತಾರ್, ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಪ್ಲಗ್ಗಿನೊಳಗೇ ಸಣ್ಣ ಫ್ಯೂಸ್ ಇರುವುದು ಅಭ್ಯಾಸ. 700 ವ್ಯಾಟ್ ತನಕ 3 ಆಂಪಿಯರ್, ಅದಕ್ಕಿಂತ ಮೇಲೆ 13. ನಮ್ಮ 6 ಮತ್ತು 16 ಆಂಪಿಯರ್ ಪ್ಲಗ್ಗಿನಲ್ಲಿ ಫ್ಯೂಸ್ ಇಲ್ಲ. ಹಾಗಾಗಿ ಇಲ್ಲಿ ಬೋರ್ಡಿನ ಎಂಸಿಬಿ ಮೇಲೆ ಪೂರ್ತಿ ಭಾರ ಬೀಳುತ್ತದೆ.

ಹಾಗಾದರೆ ಯಾರಿಗೆ ಯಾವುದು

ಹೊಸ ಮನೆಗೆ ಮೇನ್‌ನಲ್ಲಿ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕತ್ತರಿಸುವ) ಎಂಸಿಬಿ, ಅದರ ಕೆಳಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಆಮೇಲೆ ಲೈಟು ಫ್ಯಾನಿಗೆ ಒಂದೂವರೆ ವೈರಿನಲ್ಲಿ 6 ಅಥವಾ 10, ಗೀಸರಿಗೆ ಎರಡೂವರೆಯಲ್ಲಿ 16, ಎಸಿಗೆ ನಾಲ್ಕರಲ್ಲಿ ಸಿ16 ಅಥವಾ ಸಿ20. ಅಡುಗೆಮನೆಗೆ ಒಂದೇ ಸರ್ಕಿಟ್ ಸಾಲುವುದಿಲ್ಲ. ಇಂಡಕ್ಷನ್, ಮೈಕ್ರೊವೇವ್, ಮಿಕ್ಸಿ ಮೂರೂ ಬೆಳಿಗ್ಗೆ ಒಟ್ಟಿಗೆ ಓಡುತ್ತವೆ, ಅಲ್ವಾ? ಎರಡು ಮಾಡಿಸಿ. ಮೇನ್‌ನ ಅಂಕಿಗೆ ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ನೋಡಿ. 5 ಕಿಲೋವ್ಯಾಟ್ ಅಂದರೆ 22 ಆಂಪಿಯರ್, 25 ಅಥವಾ 32ರ ಮೇನ್ ಸರಿ, ಮೀಟರಿನಿಂದ ಬರುವ ವೈರ್ ಅದನ್ನು ಹೊರುವಂತಿದ್ದರೆ.

ಹಳೇ ಮನೆ, ವೈರ್ ಎಳೆದು ಎಷ್ಟು ವರ್ಷವಾಯಿತೋ ಗೊತ್ತಿಲ್ಲ ಅನ್ನುವವರು ಎಂಸಿಬಿ ಹಾಕಿಸುವಾಗ ಚಿಕ್ಕದರಿಂದ ಶುರುಮಾಡಿ. ಲೈಟಿಗೆ 6. ಪವರ್ ಪ್ಲಗ್ಗಿಗೆ 10. ಬಿದ್ದರೆ ಬೀಳಲಿ. ಬಿದ್ದ ಸರ್ಕಿಟ್ಟಿನ ವೈರ್ ಬಿಚ್ಚಿ ನೋಡಿ, ಬದಲಾಯಿಸಿ, ಆಮೇಲೆ 16ಕ್ಕೆ ಏರಿಸಿ. ಬಾಡಿಗೆ ಮನೆಯವರು ಎಂಸಿಬಿಗೆ ಮಾಲೀಕರನ್ನು ಒಪ್ಪಿಸುವ ತನಕ ಕಿಟ್‌ಕ್ಯಾಟಿಗೆ ಅಂಕಿ ಬರೆದ ಫ್ಯೂಸ್ ತಂತಿಯನ್ನೇ ತಂದಿಟ್ಟುಕೊಳ್ಳಿ.

ಹಳೇ ಬೋರ್ಡ್ ಇರುವವರು ಇನ್ನೊಂದನ್ನು ಪರೀಕ್ಷೆ ಮಾಡಿಸಲೇಬೇಕು. ಒಂದು ಸರ್ಕಿಟ್ಟಿಗೆ ಎರಡು ಕಿಟ್‌ಕ್ಯಾಟ್ ಇದ್ದರೆ ಒಂದು ಫೇಸಿನಲ್ಲಿ, ಇನ್ನೊಂದು ನ್ಯೂಟ್ರಲಿನಲ್ಲಿ ಇರುತ್ತದೆ. ನ್ಯೂಟ್ರಲಿನ ಫ್ಯೂಸ್ ಹೋದರೆ ಬಲ್ಬ್ ಆರುತ್ತದೆ, ಕರೆಂಟ್ ಇಲ್ಲ ಅಂದುಕೊಂಡು ಹೋಲ್ಡರಿಗೆ ಕೈಹಾಕುತ್ತೀರಿ, ಅಲ್ಲಿ ಫೇಸ್ ಹಾಗೇ ಇರುತ್ತದೆ. ತ್ರೀ ಫೇಸ್ ಮನೆಯ ಮೇನ್ ನ್ಯೂಟ್ರಲ್ ಫ್ಯೂಸ್ ಹೋದರೆ 230 ವೋಲ್ಟಿನ ಟಿವಿ, ಫ್ರಿಜ್ಜಿಗೆ 400 ವೋಲ್ಟಿನ ತನಕ ಏರಬಹುದು. ನ್ಯೂಟ್ರಲಿನಲ್ಲಿ ಒಂಟಿ ಫ್ಯೂಸ್ ಇರಬಾರದು. ಎಲೆಕ್ಟ್ರಿಷಿಯನ್ ಕರೆಸಿ, ಮೇನ್ ಆಫ್ ಮಾಡಿಸಿ, ಆ ಜಾಗಕ್ಕೆ ದಪ್ಪ ತಾಮ್ರದ ಲಿಂಕ್ ಹಾಕಿಸಿ.